‘ಗೆಟ್’ ಜೊತೆ ಏಗೋದು ಹೇಗೆ?

‘ಬ್ರಿಟನ್ನಿಗೆ ಬಂದು ಮೂರು ತಿಂಗಳಾಯಿತು. ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೂ ಆಫೀಸಿನಲ್ಲಿ ಎಲ್ಲರೂ ಮಾತಿಗೊಮ್ಮೆ ಗೆಟ್, ಗಾಟ್ ಅನ್ನುತ್ತಾರೆ, ಒಂದೊಂದು ಸಲ ಒಂದೊಂದು ಅರ್ಥ, ತಲೆ ಕೆಡುತ್ತದೆ. “ಐ ವಿಲ್ ಗೆಟ್ ಬ್ಯಾಕ್ ಟು ಯು” ಅಂದರೆ ಏನರ್ಥ?’ ಅಂತ ಕೇಳಿದ್ದೀರಿ. ನಾನು ಬಂದು 14 ವರ್ಷವಾಯಿತು. ಮೊದಲ ವರ್ಷ ನನ್ನ ತಲೆಯೂ ಹೀಗೇ ಕೆಟ್ಟಿತ್ತು.

ಆಗ ನಾಲ್ಕು ಜನ ಸೇರಿ ಒಂದು ಮನೆಯಲ್ಲಿದ್ದೆವು. ಒಂದು ಸಂಜೆ ಕಾಲಿಂಗ್ ಬೆಲ್ ಆಯಿತು. ಒಬ್ಬ ‘ಐ ವಿಲ್ ಗೆಟ್ ಇಟ್’ ಅನ್ನುತ್ತಾ ಎದ್ದು ಹೋದ. ಏನೋ ತರುತ್ತಾನೆ ಅಂತ ನಾನು ಕಾದೆ. ಬರಿಗೈಯಲ್ಲಿ ವಾಪಸ್ ಬಂದು ಕೂತ. ‘ನಾನು ಹೋಗಿ ಬಾಗಿಲು ತೆಗೆಯುತ್ತೇನೆ’ ಅಂದಿದ್ದ, ಅಷ್ಟೆ. ಫೋನ್ ರಿಂಗಾದರೂ ಇದೇ ಮಾತು.

ನಾವು ಕಲಿತದ್ದು ಅರ್ಜಿ ಬರೆಯುವ ಇಂಗ್ಲಿಷ್. ಅದರಲ್ಲಿ ಗೆಟ್‌ಗೆ ಜಾಗವಿಲ್ಲ. ರಿಸೀವ್, ಅಬ್ಟೇನ್ ಇಂಥವೇ ಎಲ್ಲ. ‘ಹ್ಯಾವ್ ಯು ರಿಸೀವ್ಡ್ ಮೈ ಮೆಸೇಜ್’ ಅಂದರೆ ತಪ್ಪೇನಿಲ್ಲ. ಆದರೆ ಪಕ್ಕದ ಕುರ್ಚಿಯವರಿಗೆ ನೋಟಿಸ್ ಕೊಟ್ಟ ಹಾಗಿರುತ್ತದೆ. ‘ಡಿಡ್ ಯು ಗೆಟ್ ಮೈ ಮೆಸೇಜ್’ ಅನ್ನಿ, ಸಾಕು.

ಡಿಕ್ಷನರಿ ಹಿಡಿದು ಕೂರಬೇಡಿ, ಗೆಟ್‌ನ ಅರ್ಥ ಪುಟಗಟ್ಟಲೆ ಇದೆ. ಕನ್ನಡದ ಎರಡು ಪದ ಇಟ್ಟುಕೊಳ್ಳಿ: ಸಿಗು, ಆಗು. ಕೆಲಸ ಸಿಕ್ಕಿತು, ಟಿಕೆಟ್ ಸಿಕ್ಕಿತು, ಎರಡಕ್ಕೂ ಗಾಟ್. ಕತ್ತಲಾಯಿತು, ತಡವಾಯಿತು, ಸುಸ್ತಾಯಿತು, ಅಭ್ಯಾಸವಾಯಿತು, ಇವಕ್ಕೂ ಗಾಟ್. ‘ಐ ಗೆಟ್ ಇಟ್’ ಅಂದರೆ ನಮ್ಮ ‘ಅರ್ಥವಾಯಿತು’. ಒಂದೇ ವ್ಯತ್ಯಾಸ. ಕೋಪ, ಜ್ವರ ನಮಗೆ ತಾವಾಗಿ ಬರುತ್ತವೆ, ‘ನನಗೆ ಕೋಪ ಬಂತು’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಐ’ ಮುಂದೆ ನಿಲ್ಲಬೇಕು, ‘ಐ ಗಾಟ್ ಆ್ಯಂಗ್ರಿ’. ಬಾಯಿಗೆ ‘ನನಗೆ’ ಬಂದಾಗಲೆಲ್ಲ ಒಮ್ಮೆ ಗೆಟ್ ನೆನಪಿಸಿಕೊಳ್ಳಿ, ಎಷ್ಟೋ ಸಲ ಹೊಂದುತ್ತದೆ. ಮದುವೆಗೂ ಗಾಟ್ ಮ್ಯಾರೀಡ್. ಆದರೆ ಅಲ್ಲಿ ‘ಟು’ ಬರಬೇಕು. ನಮ್ಮ ‘ಜೊತೆ’ ನುಸುಳಿ ‘ವಿತ್’ ಆಗಿಬಿಡುತ್ತದೆ, ಹುಷಾರು.

ನಾವು ಜಾಸ್ತಿ ಎಡವುವುದು ಬೇರೆ ಕಡೆ. ಒಂದು ಸೋಮವಾರ ಆಫೀಸಿನಲ್ಲಿ ‘ಐ ಕಟ್ ಮೈ ಹೇರ್’ ಅಂದೆ. ಸಹೋದ್ಯೋಗಿಯೊಬ್ಬಳು ನನ್ನ ಹಿಂದೆ ಬಂದು ತಲೆ ನೋಡಿ, ‘ಇಲ್ಲಿಗೆ ಕೈ ಹೇಗೆ ಎಟುಕಿತು?’ ಅಂದಳು. ನಾನೇ ಕತ್ತರಿ ಹಿಡಿದೆ ಅಂದುಕೊಂಡಿದ್ದಳು! ಕನ್ನಡದಲ್ಲಿ ನಾವು ಇಂಥ ತಪ್ಪು ಮಾಡುವುದೇ ಇಲ್ಲ, ‘ಕಟಿಂಗ್ ಮಾಡಿಸಿಕೊಂಡೆ’ ಅನ್ನುತ್ತೇವೆ. ಆ ‘ಇಸು’ ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಉದುರಿಹೋಗುತ್ತದೆ. ಅದನ್ನು ಎತ್ತಿಕೊಳ್ಳುವುದು ಗೆಟ್‌ನಿಂದ: ‘ಐ ಗಾಟ್ ಮೈ ಹೇರ್ ಕಟ್’, ‘ಐ ಗಾಟ್ ದ ಕಾರ್ ರಿಪೇರ್ಡ್’. ವಸ್ತು ಮೊದಲು, ಕೆಲಸ ಆಮೇಲೆ. ಯಾರ ಕೈಲಿ ಮಾಡಿಸಿದಿರಿ ಅಂತ ಹೇಳುವುದಾದರೆ ‘ಟು’ ಸೇರಿಸಿ, ‘ಐ ಗಾಟ್ ಹಿಮ್ ಟು ಸೈನ್’. ಹೇಳಿ ಕೇಳಿ, ಒಪ್ಪಿಸಿ ಸಹಿ ಹಾಕಿಸಿದೆ ಅನ್ನುವ ಛಾಯೆ ಇದರಲ್ಲಿದೆ. ‘ಮೇಡ್ ಹಿಮ್ ಸೈನ್’ ಅಂದರೆ ಬಲವಂತ. ಮ್ಯಾನೇಜರ್ ಬಗ್ಗೆ ಹೇಳುವಾಗ ಯಾವುದು ಬೇಕು ನೋಡಿಕೊಳ್ಳಿ!

ಬಸ್ಸಿನಲ್ಲೂ ಒಂದು ಪೇಚು. ‘ಇಳಿ’ ಅನ್ನುವುದನ್ನು ನಾವು ‘ಗೆಟ್ ಡೌನ್’ ಅಂತೇವೆ. ಇಲ್ಲಿ ಥಟ್ಟನೆ ‘ಗೆಟ್ ಡೌನ್’ ಅಂತ ಕೂಗಿದರೆ ತಲೆ ತಗ್ಗಿಸಿ ಬಗ್ಗು ಅಂತ ಅರ್ಥ. ಬಸ್ಸು, ರೈಲಿಗೆ ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್. ಒಳಗೆ ನಿಂತು ಓಡಾಡುವಷ್ಟು ಜಾಗವಿದ್ದರೆ ಆನ್, ಆಫ್ ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಬೈಕು, ಸೈಕಲ್ಲಿಗೂ ಆನ್, ಆಫ್ ಅನ್ನುವುದರಿಂದ ಲೆಕ್ಕ ಪೂರ್ತಿ ಸರಿಯಲ್ಲ, ಆದರೂ ಕೆಲಸಕ್ಕೆ ಬರುತ್ತದೆ.

ಇನ್ನು ‘ಗಾಟನ್’. ಅಮೆರಿಕದವರ ಜೊತೆ ಮೀಟಿಂಗ್ ಇದ್ದರೆ ಕೇಳಿರುತ್ತೀರಿ. ಅವರಿಗೆ ‘ಐ ಹ್ಯಾವ್ ಗಾಟ್ ಎ ಟಿಕೆಟ್’ ಅಂದರೆ ಟಿಕೆಟ್ ನನ್ನ ಹತ್ತಿರ ಇದೆ, ‘ಐ ಹ್ಯಾವ್ ಗಾಟನ್ ಎ ಟಿಕೆಟ್’ ಅಂದರೆ ಹೇಗೋ ಸಂಪಾದಿಸಿದ್ದೇನೆ. ಇಲ್ಲಿನವರಿಗೆ ಎರಡಕ್ಕೂ ಗಾಟ್. ಗಾಟನ್ ಅಮೆರಿಕದವರ ಹೊಸ ಸೃಷ್ಟಿ ಅಂತ ಇಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಅಸಲಿಗೆ ಅದು ಇಲ್ಲಿಂದಲೇ ಹೋದ ಹಳೇ ರೂಪ, ವಲಸೆ ಹೋದವರು ಉಳಿಸಿಕೊಂಡರು, ಊರಲ್ಲಿದ್ದವರು ಬಿಟ್ಟರು. ‘ಫರ್‌ಗಾಟನ್’ನಲ್ಲಿ ಇನ್ನೂ ಇದೆಯಲ್ಲ! ಹಾಗೆ ನೋಡಿದರೆ ಗೆಟ್ ಕೂಡ ಇವರದ್ದಲ್ಲ. ಸ್ಕ್ಯಾಂಡಿನೇವಿಯಾದಿಂದ ಹಡಗೇರಿ ಬಂದ ವೈಕಿಂಗರ ಕಾಲದ ಹಳೆಯ ನಾರ್ಸ್ ಭಾಷೆಯ ‘ಗೆಟಾ’ ಇಲ್ಲಿ ಬಂದು ನೆಲೆಸಿದ್ದು, ನಮ್ಮ ಹಾಗೆ.

‘ಹೌ ಆರ್ ಯು ಗೆಟಿಂಗ್ ಆನ್?’ ಅಂದರೆ ಗಾಬರಿ ಬೇಡ, ಹೇಗೆ ನಡೀತಿದೆ ಅಂತ. ‘ಗೆಟ್ ಆನ್ ವಿತ್ ಹರ್’ ಅಂದರೆ ಅವಳ ಜೊತೆ ಹೊಂದಿಕೊಂಡು ಹೋಗುವುದು. ‘ಗೆಟ್ ಆನ್ ವಿತ್ ಇಟ್’ ಅಂದರೆ ಮಾತ್ರ ‘ಸಾಕು, ಕೆಲಸ ನೋಡು’ ಅಂತ ಗದರಿಕೆ.

ಕೊನೆಗೆ ನೀವು ಕೇಳಿದ ‘ಐ ವಿಲ್ ಗೆಟ್ ಬ್ಯಾಕ್ ಟು ಯು’. ಆಮೇಲೆ ತಿಳಿಸುತ್ತೇನೆ ಅಂತ ಅರ್ಥ, ಒಂದೊಂದು ಸಲ ತಿಳಿಸುವುದಿಲ್ಲ ಅಂತಲೂ. ಯಾವುದು ಅಂತ ದನಿಯಿಂದ ಗೊತ್ತಾಗುವುದಿಲ್ಲ. ನಾನು ಎರಡು ದಿನ ಬಿಟ್ಟು ‘ಡಿಡ್ ಯು ಗೆಟ್ ಎ ಚಾನ್ಸ್ ಟು ಲುಕ್ ಅಟ್ ಇಟ್?’ ಅಂತ ಒಂದು ಸಾಲು ಕಳಿಸುತ್ತೇನೆ. ಅದಕ್ಕೂ ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಅಂತಲೇ ಉತ್ತರ ಬಂದರೆ ಬೇರೆಯವರನ್ನು ಕೇಳಿಬಿಡಿ.