ಮೋಟರನ್ನು ಬೋರ್‌ವೆಲ್ ಒಳಗೇ ಯಾಕೆ ಇಳಿಸಬೇಕು?

ದಿನಬಳಕೆಯ ಯಂತ್ರಗಳನ್ನು ಇಟ್ಟುಕೊಂಡು, ವಿಜ್ಞಾನ ಹೇಗೆ ನಡೆಯುತ್ತದೆ ಅಂತ ಹೈಸ್ಕೂಲ್ ಮಕ್ಕಳಿಗೆ ಕಲಿಸೋದು ಹೇಗೆ ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಯಂತ್ರದ ಗುಟ್ಟನ್ನು ನಾವೇ ಮೊದಲು ಹೇಳಿಬಿಟ್ಟರೆ ಪಾಠ ಅಲ್ಲಿಗೇ ಮುಗೀತು. ಮಕ್ಕಳು ಊಹೆ ಮಾಡಬೇಕು. ಆ ಊಹೆ ತಪ್ಪಾಗಿದ್ದರೆ ಅದು ಗೊತ್ತಾಗೋದು ಹೇಗೆ ಅನ್ನೋದನ್ನೂ ಅವರೇ ಹೇಳಬೇಕು.

ಮೊಬೈಲಿನಿಂದ ಶುರು ಮಾಡಬೇಡಿ, ಒಳಗೆ ಏನೂ ಕಾಣಲ್ಲ. ನಮ್ಮ ಕಡೆಗೆ ಬೋರ್‌ವೆಲ್ಲೇ ಸರಿ. ಮೋಟರ್ ಸುಟ್ಟಾಗ ಅಷ್ಟೂ ಪೈಪು ಮೇಲೆತ್ತುವ ಪಾಡನ್ನು ಇಲ್ಲಿನ ಮಕ್ಕಳು ನೋಡಿಯೇ ಇರುತ್ತಾರೆ. "ಮೋಟರ್ ಮೇಲೇ ಇಟ್ಟು ನೀರು ಎಳೆಯಬಹುದಿತ್ತು ಅಲ್ವಾ?" ಎಂದು ಕೇಳಿ. "ಪವರ್ ಸಾಲಲ್ಲ ಸಾರ್" ಅನ್ನುತ್ತಾರೆ. ಒಳ್ಳೆಯ ಊಹೆ, ಪರೀಕ್ಷಿಸೋಣ.

ಗಾಜಿನ ಬಾಟಲಿಗೆ ಕಂಠದವರೆಗೂ ನೀರು ತುಂಬಿ. ಮುಚ್ಚಳದ ತೂತಿನಲ್ಲಿ ಸ್ಟ್ರಾ ಇಳಿಸಿ, ಸುತ್ತ ಮೇಣ ಮೆತ್ತಿ. ಪ್ಲಾಸ್ಟಿಕ್ ಬಾಟಲಿ ಬೇಡ, ಅದು ಒಳಕ್ಕೆ ಸೊಟ್ಟಗಾಗಿ ನೀರು ಬಂದುಬಿಡುತ್ತದೆ. ಕ್ಲಾಸಿನ ಗಟ್ಟಿ ಹುಡುಗನೇ ಎಳೆಯಲಿ, ಕೆನ್ನೆ ಒಳಗೆ ಹೋಗುತ್ತದೆ, ನೀರು ಬರಲ್ಲ. ಮುಚ್ಚಳ ಸ್ವಲ್ಪ ಸಡಿಲಿಸಿ, ಸಲೀಸಾಗಿ ಬರುತ್ತದೆ. ಎಳೆದವನು ಅವನೇ, ಬದಲಾಗಿದ್ದು ಮುಚ್ಚಳ ಮಾತ್ರ. ಹಾಗಾದರೆ ನೀರನ್ನು ಮೇಲಕ್ಕೆ ತಳ್ಳಿದ್ದು ಯಾವುದು? ಅವಸರ ಮಾಡಬೇಡಿ. ಹೊರಗಿನ ಗಾಳಿ ಅನ್ನುವ ಮಾತು ಅವರ ಬಾಯಿಂದಲೇ ಬರಲಿ.

ಆಮೇಲೆ ಇಟಲಿಯ ವಿಜ್ಞಾನಿ ಟೊರಿಸೆಲ್ಲಿ ಕಥೆ ಹೇಳಿ. ಆ ಕಾಲದ ಪಂಪುಗಳು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎಳೆಯುತ್ತಿರಲಿಲ್ಲ. ತಳ್ಳುವುದು ಗಾಳಿಯೇ ಆದರೆ, ನೀರಿಗಿಂತ 13.6 ಪಟ್ಟು ಭಾರದ ಪಾದರಸ, ಮೇಲ್ತುದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ, 76 ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲಬೇಕು. 1643ರ ಪ್ರಯೋಗದಲ್ಲಿ ಹಾಗೇ ನಿಂತಿತು. ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಪಾದರಸ ಇಳಿಯಬೇಕು ತಾನೇ? 1648ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್ ತನ್ನ ಭಾವನಿಂದ ಅದನ್ನೂ ಮಾಡಿಸಿ ನೋಡಿದ. ಇಳಿದಿತ್ತು. ಪಾದರಸ ವಿಷ, ಶಾಲೆಯಲ್ಲಿ ಮುಟ್ಟಬೇಡಿ, ಲೆಕ್ಕ ಮಾಡಿಸಿದರೆ ಸಾಕು. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರಿನ ಮಿತಿ ಒಂಬತ್ತೂವರೆ ಮೀಟರ್ ಹತ್ತಿರ ಬರುತ್ತದೆ.

ಎಷ್ಟು ದೊಡ್ಡ ಮೋಟರ್ ತಂದರೂ ಮೇಲಿನಿಂದ ಎಳೆಯೋದು ಅಷ್ಟೇ. ಕೆಳಗಿನಿಂದ ತಳ್ಳಲು ಆ ಮಿತಿ ಇಲ್ಲ, ಅದಕ್ಕೇ ಮೋಟರ್ ಒಳಗಿಳಿಯುತ್ತದೆ. ಹಳೆಯ ತೆರೆದ ಬಾವಿಗಳ ಒಳಗೆ, ನೀರಿನ ಹತ್ತಿರ, ಪಂಪ್ ಇಡಲು ಕಟ್ಟೆ ಯಾಕಿತ್ತು ಅಂತ ಮಕ್ಕಳು ಮನೆಯಲ್ಲಿ ತಾತನನ್ನು ಕೇಳಿಕೊಂಡು ಬರಲಿ. ಎರಡು ಪೀರಿಯಡ್ ಬೇಕಾಗುತ್ತದೆ. 8ನೇ ತರಗತಿಯ ಒತ್ತಡದ ಪಾಠದ ಜೊತೆಗೇ ಮಾಡಿಬಿಡಿ.