ಚಿತ್ರ ಬರೆಯೋದಾ, ಬಿಡಿಸೋದಾ, ತೆಗೆಯೋದಾ?

ಅಕ್ಕೋರೆ, ನಮಸ್ಕಾರ. ಗಂಗಾವತಿಯಲ್ಲಿ ಮಕ್ಕಳಿಗೆ ಬೇಸಿಗೆ ಚಿತ್ರ ತರಗತಿ ನಡೆಸುತ್ತಿದ್ದೀರಿ. ಗೋಡೆಗೆ ಹಚ್ಚಲು ಪದಗಳ ಚಾರ್ಟ್ ಮಾಡಬೇಕು. ‘ಚಿತ್ರ ಬರೆ’, ‘ಚಿತ್ರ ಬಿಡಿಸು’, ‘ಚಿತ್ರ ತೆಗೆ’ ಮೂರರಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ರೇಖೆ, ನಕ್ಷೆ, ಪೆನ್ಸಿಲ್, ಕಾರ್ಟೂನ್ ಎಲ್ಲಿಂದ ಬಂದವು ಅಂತಲೂ ಕೇಳಿದ್ದೀರಿ. ಈ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಯ ಕೆಳಗೆ ಹಿರಿಯರೊಬ್ಬರು ‘ತೆಗೆಯೋದು ಹಳ್ಳಿ ಮಾತು, ಚಾರ್ಟಿಗೆ ಬೇಡ’ ಎಂದಿದ್ದಾರೆ. ಅವರ ಮೇಲೆ ಗೌರವ ಇದೆ, ಆದರೆ ಈ ಮಾತು ನಾನು ಒಪ್ಪಲ್ಲ.

ನಾನು ಬಳ್ಳಾರಿಯಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ ಆಯಿತು, ಮಾತು ಜಾಸ್ತಿ ಆಯಿತು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ನನ್ನ ಲೆಕ್ಕದಲ್ಲಿ ಈ ಪದಗಳಲ್ಲಿ ಹೆಚ್ಚಿನವು ಕೈ ಮಾಡುವ ಕೆಲಸದಿಂದ ಹುಟ್ಟಿದವು. ಗೀರುವುದು, ಎಳೆಯುವುದು, ಕುಟ್ಟುವುದು, ಸವರುವುದು. ಕೈ ಏನು ಮಾಡುತ್ತಿದೆ ಅಂತ ನೋಡಿದರೆ ಯಾವ ಪದ ಎಲ್ಲಿಗೆ ಅಂತ ತಾನೇ ಗೊತ್ತಾಗುತ್ತದೆ.

ಮೊದಲು ‘ತೆಗೆ’. ಬಾವಿ ತೆಗೆಯುತ್ತೇವೆ, ಕಾಲುವೆ ತೆಗೆಯುತ್ತೇವೆ, ಬೈತಲೆ ತೆಗೆಯುತ್ತೇವೆ. ಎಲ್ಲ ಕಡೆ ಒಂದೇ ಕೆಲಸ. ಮುಚ್ಚಿದ್ದನ್ನು ಸರಿಸಿ ಒಂದು ಗೆರೆಯೋ ಗುಂಡಿಯೋ ಹೊರಗೆ ಕಾಣುವಂತೆ ಮಾಡುವುದು. ಫೋಟೋ ಬಂದಾಗ ಅದಕ್ಕೂ ಇದೇ ಪದ ಸಿಕ್ಕಿತು. ಯಾರೂ ‘ಫೋಟೋ ಬಿಡಿಸಿದೆ’ ಅನ್ನಲಿಲ್ಲ. ನಂಬಿಕೆ ಬರದಿದ್ದರೆ ಒಮ್ಮೆ ನಮ್ಮ ಕಡೆ ಬನ್ನಿ. ಸಂಗನಕಲ್ಲು, ಕಪ್ಪಗಲ್ಲು ಹತ್ತಿರದ ಗುಡ್ಡದಲ್ಲಿ ಹೊಸ ಶಿಲಾಯುಗದ ಕಾಲದಿಂದ ಜನ ಬಂಡೆ ಮೇಲೆ ದನಗಳನ್ನು ಮಾಡಿದ್ದಾರೆ. ಉದ್ದ ಕೊಂಬು, ಎತ್ತಿದ ಹಿಣಿಲು. ಬಣ್ಣ ಇಲ್ಲ. ಕಪ್ಪು ಬಂಡೆಯ ಮೈಯನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ, ಮೇಲಿನ ಪದರ ಎಬ್ಬಿಸಿ, ಒಳಗಿನ ತಿಳಿ ಬಣ್ಣ ಕಾಣಿಸಿದ್ದಾರೆ. ಇದಕ್ಕೆ ‘ಬರೆದರು’ ಅಂದರೆ ಪೂರ್ತಿ ಸರಿ ಅನ್ನಿಸಲ್ಲ. ‘ತೆಗೆದರು’ ಅಂದರೆ ಕೂಡುತ್ತದೆ. ಹಳ್ಳಿ ಮಾತು ಹೌದು. ತಪ್ಪು ಮಾತು ಹೇಗೆ ಆಗುತ್ತದೆ?

‘ಬಿಡಿಸು’ ಪಠ್ಯಪುಸ್ತಕದ ಪದ ಅಂತ ನಾವು ಅಂದುಕೊಂಡಿದ್ದೇವೆ. ನಿಮ್ಮ ಮಕ್ಕಳಿಗೆ ಅದು ಪುಸ್ತಕಕ್ಕಿಂತ ಮೊದಲೇ ಗೊತ್ತು. ಹತ್ತಿ ಬಿಡಿಸಲು ಅವ್ವನ ಜೊತೆ ಹೊಲಕ್ಕೆ ಹೋದ ಮಕ್ಕಳು ಅವು. ಶೇಂಗಾ ಬಿಡಿಸಿದ ಮಕ್ಕಳು. ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳವನ್ನೂ ಬಿಡಿಸುತ್ತೇವೆ (ಈ ಗುಂಪಿನಲ್ಲಿ ಅದೂ ನನ್ನ ತಲೆಗೇ). ಒಂದಕ್ಕೊಂದು ಅಂಟಿಕೊಂಡಿದ್ದನ್ನು ಬೇರೆ ಮಾಡಿ ಬಿಚ್ಚಿಡುವುದು ಬಿಡಿಸುವುದು. ಕಾಯಿಯೊಳಗೆ ಹತ್ತಿ ಇದ್ದ ಹಾಗೆ ಹಾಳೆಯೊಳಗೆ ಆನೆ ಇದೆ, ಅದನ್ನು ಬಿಡಿಸುತ್ತೇವೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಮಕ್ಕಳಿಗೆ ಹೀಗೆ ಹೇಳಿ ನೋಡಿ, ಖಾಲಿ ಹಾಳೆ ಕಂಡರೆ ಆಗುವ ಹೆದರಿಕೆ ಸ್ವಲ್ಪ ಕಡಿಮೆ ಆಗುತ್ತದೆ.

‘ಬರೆ’ ಮೂರರಲ್ಲಿ ಅಗಲವಾದ ಪದ. ಈಗ ಬರೆಯುವುದು ಎಂದರೆ ಅಕ್ಷರ. ಆದರೆ ಬರೆ ಎಂದರೆ ಗೆರೆ, ಪಟ್ಟೆ, ಗುರುತು ಕೂಡ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅನ್ನುತ್ತೇವಲ್ಲ, ಆ ಬರೆ. ಕಾಯಿಸಿದ ಕಬ್ಬಿಣದಿಂದ ಎಳೆಯುವ ಬರೆಯೂ ಅದೇ. ತಮಿಳಿನಲ್ಲಿ ಇದರ ಜೋಡಿ ಪದ ‘ವರೈ’. ಅದಕ್ಕೆ ಇವತ್ತಿಗೂ ಚಿತ್ರ ಬರೆ, ಗೆರೆ ಎಳೆ ಎಂಬ ಅರ್ಥ ಇದೆ. ಅಂದರೆ ಗೆರೆ ಮೊದಲು, ಅಕ್ಷರ ಆಮೇಲೆ. ನಾವು ಪೇಂಟರ್‌ಗಳು ‘ಬೋರ್ಡ್ ಬರೆಯೋದು’ ಅನ್ನುತ್ತೇವೆ. ಅದರಲ್ಲಿ ಅಕ್ಷರವೂ ಇರುತ್ತದೆ, ಮೂಲೆಯಲ್ಲಿ ಕೋಳಿ ಚಿತ್ರವೂ ಇರುತ್ತದೆ. ಎರಡಕ್ಕೂ ಒಂದೇ ಬ್ರಷ್, ಒಂದೇ ಕ್ರಿಯಾಪದ.

ಇದು ನಮ್ಮ ಭಾಷೆಯ ಕಥೆ ಮಾತ್ರ ಅಲ್ಲ. ಸಂಸ್ಕೃತದ ‘ಲಿಖ್’ ಧಾತುವಿನ ಹಳೆಯ ಅರ್ಥ ಕೆರೆ, ಗೀರು ಅಂತ. ಅದಕ್ಕೆ ‘ರಿಖ್’ ಎಂಬ ಇನ್ನೊಂದು ರೂಪ ಇತ್ತು. ಒಂದರಿಂದ ಲೇಖ, ಲೇಖನಿ ಬಂದವು, ಇನ್ನೊಂದರಿಂದ ರೇಖೆ. ಒಂದೇ ಮನೆಯ ಮಕ್ಕಳು. ಗ್ರೀಕಿನ ‘ಗ್ರಾಫೈನ್’ ಕೂಡ ಗೀರುವುದೇ, ಇಂಗ್ಲಿಷಿನ ‘ರೈಟ್’ ಕೂಡ ಮೊದಲು ಗೀರುವುದೇ. ನಮ್ಮ ಗೀರು, ಗೀಚು, ಗೀಟು ಬೇರೆ ಕುಲ, ಆದರೆ ಕೆಲಸ ಅದೇ. ಬಳ್ಳಾರಿಯಲ್ಲಿ ಅರ್ಧ ಊರು ತೆಲುಗು ಮಾತಾಡುತ್ತದೆ, ಅಲ್ಲಿ ‘ಬೊಮ್ಮ ಗೀಯಿ’ ಅಂದರೆ ಚಿತ್ರ ಬರೆ. ಇಲ್ಲಿ ಹುಷಾರು. ಅವರ ಬೊಮ್ಮ ಚಿತ್ರವೂ ಹೌದು, ಗೊಂಬೆಯೂ ಹೌದು. ತೆಲುಗು ಮನೆಯ ಮಗುವೊಂದು ‘ಬೊಂಬೆ ಬರೆದೆ’ ಅಂದರೆ ತಿದ್ದಲು ಹೋಗಬೇಡಿ.

‘ಲಿಪಿ’ ಮಾತ್ರ ದೂರದಿಂದ ಬಂದ ನೆಂಟ. ಅದು ಹಳೆಯ ಪರ್ಷಿಯನ್ನಿನ ‘ದಿಪಿ’ ಅಂತ ವಿದ್ವಾಂಸರು ಹೇಳುತ್ತಾರೆ. ವಾಯವ್ಯ ಗಡಿಯ ಅಶೋಕನ ಶಾಸನಗಳಲ್ಲಿ ದಿಪಿ ಎಂದೇ ಇದೆ. ಅಶೋಕನ ಮಾತು ಬಂತು ಅಂದರೆ ನಮ್ಮ ಮಸ್ಕಿ ಬಿಡಲು ಆಗಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅಲ್ಲಿನ ಶಾಸನದ ಬಂಡೆ ಬಿತ್ತು. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಅಂತ ಖಚಿತವಾಗಿದ್ದು ಆ ಬಂಡೆಯಲ್ಲಿ ಅವನ ಹೆಸರು ಸಿಕ್ಕ ಮೇಲೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳು ನಿಮಗೆ ಹತ್ತಿರವೇ ಇವೆ. ತರಗತಿಯ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ದೂರ ನಿಂತೇ ಅಕ್ಷರದ ಗೆರೆಗಳನ್ನು ನೋಡಿ ಬಿಡಿಸಲಿ. ಕೈ ಹಚ್ಚಬಾರದು, ಖಡು (ಸೀಮೆಸುಣ್ಣ) ಅಂತೂ ಹಚ್ಚಲೇಬಾರದು. ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ‘ಬರೆದವನು’ ಒಬ್ಬ, ‘ಕಂಡರಿಸಿದವನು’ ಇನ್ನೊಬ್ಬ ಅಂತ ಬೇರೆ ಬೇರೆ ಹೆಸರು ಕೊಟ್ಟಿರುತ್ತಾರೆ. ಒಬ್ಬ ಗೆರೆ ಹಾಕಿ ಕೊಟ್ಟ, ಇನ್ನೊಬ್ಬ ಉಳಿ ಹಿಡಿದ. ಕಂಡರಿಸು ಎಷ್ಟು ಚೆಂದದ ಪದ, ಈಗ ಯಾರ ಬಾಯಲ್ಲೂ ಇಲ್ಲ.

ಇನ್ನು ‘ಎಳೆ’. ನಿಮ್ಮ ಫೋನು ‘ಡ್ರಾ’ ಅಂದರೆ ‘ಸೆಳೆ’ ಅಂತ ತೋರಿಸಿತು ಎಂದು ನಕ್ಕಿದ್ದೀರಿ. ಫೋನು ಅಷ್ಟೇನೂ ದಡ್ಡ ಅಲ್ಲ. ಆ ಪದದ ಮೂಲ ಅರ್ಥ ಎಳೆಯುವುದೇ. ಮೇಜಿನ ಡ್ರಾಯರ್ ಎಳೆಯುತ್ತೇವೆ, ಬ್ಯಾಂಕಿನಿಂದ ದುಡ್ಡು ಡ್ರಾ ಮಾಡುತ್ತೇವೆ, ಡಿಮ್ಯಾಂಡ್ ಡ್ರಾಫ್ಟ್ ತೆಗೆಸುತ್ತೇವೆ, ಎಲ್ಲ ಅದರ ಮಕ್ಕಳೇ. ಪೆನ್ಸಿಲನ್ನು ಹಾಳೆ ಮೇಲೆ ಎಳೆದುಕೊಂಡು ಹೋಗುವುದು ಡ್ರಾಯಿಂಗ್ ಆಯಿತು. ನಾವೂ ಗೆರೆ ಎಳೆಯುತ್ತೇವೆ. ಆದರೆ ನಮ್ಮ ಪದದಲ್ಲಿ ಇನ್ನೊಂದು ಸೊಗಸು ಇದೆ. ಎಳೆ ಎಂದರೆ ದಾರದ ಎಳೆ ಕೂಡ. ಒಂದೆಳೆ ರಂಗೋಲಿ, ಎರಡೆಳೆ ರಂಗೋಲಿ ಅನ್ನುವಾಗ ಗೆರೆಯೂ ದಾರವೂ ಒಂದೇ ಆಗಿಬಿಡುತ್ತವೆ. ಇಂಗ್ಲಿಷಿನ ‘ಲೈನ್’ ಕೂಡ ಅಗಸೆ ನಾರಿನ ದಾರದಿಂದಲೇ ಬಂದದ್ದು, ಲಿನನ್ ಬಟ್ಟೆ ಅದರ ಸಂಬಂಧಿ. ಬೋರ್ಡಿನ ಮೇಲೆ ನೇರ ಗೆರೆ ಬೇಕು ಅಂದರೆ ನಾವು ಇವತ್ತಿಗೂ ದಾರಕ್ಕೆ ಖಡು ಪುಡಿ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಡುತ್ತೇವೆ. ಟಪ್ ಅಂತ ಗೆರೆ ಬೀಳುತ್ತದೆ.

‘ನಕ್ಷೆ’ ವಿಷಯಕ್ಕೆ ನನಗೆ ಒಂದು ಪೆಟ್ಟು ಬಿದ್ದಿದೆ. ಒಂದು ಹಳ್ಳಿಯ ಕಚೇರಿಯವರು ಫೋನ್ ಮಾಡಿ ‘ಗೋಡೆಗೆ ನಕಾಶೆ ಬೇಕು’ ಅಂದರು. ನಾನು ಬಳ್ಳಿ, ಹೂವಿನ ಅಂಚು ಎಲ್ಲ ತಗಡಿನಲ್ಲಿ ಕತ್ತರಿಸಿಕೊಂಡು ಹೋದೆ. ಅರ್ಧ ಗೋಡೆ ಮುಗಿದಾಗ ಬಂದು ನೋಡಿ ‘ಇದೇನ್ರೀ ಮದುವೆ ಮನೆ ಮಾಡಿದ್ರಿ’ ಅಂದರು. ಅವರಿಗೆ ಬೇಕಾಗಿದ್ದು ಊರಿನ ನಕ್ಷೆ. ಓಣಿ, ಶಾಲೆ, ನೀರಿನ ಟ್ಯಾಂಕ್ ತೋರಿಸುವುದು. ಒಂದು ದಿನದ ಕೂಲಿ, ಅರ್ಧ ಲೀಟರ್ ಎನಾಮಲ್ ಹೋಯಿತು. ತಪ್ಪು ಇಬ್ಬರದೂ ಅಲ್ಲ, ಪದದ್ದು. ಅರಬ್ಬಿಯ ‘ನಕ್ಷ್’ ಅಂದರೆ ಕೆತ್ತನೆ, ಚಿತ್ರ, ಅಚ್ಚು. ಅದು ಪರ್ಷಿಯನ್, ಉರ್ದು ದಾರಿಯಲ್ಲಿ ನಮ್ಮಲ್ಲಿಗೆ ಬಂದು ಎರಡಾಯಿತು. ನಕಾಶಿ ಅಂದರೆ ಕೆತ್ತನೆ ಅಲಂಕಾರ, ನಕ್ಷೆ ಅಥವಾ ನಕಾಶೆ ಅಂದರೆ ಮ್ಯಾಪು, ಮನೆಯ ಪ್ಲಾನು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು, ಹೀಗಾಗಿ ಈ ಪದಗಳು ಇಲ್ಲಿ ಮನೆಮಾತು. ಶಾಯಿ ಕೂಡ ಪರ್ಷಿಯನ್ನಿನ ‘ಸ್ಯಾಹಿ’, ಕಪ್ಪು ಅಂತ ಅರ್ಥ. ಹಾಗೆ ನೋಡಿದರೆ ‘ಕೆಂಪು ಶಾಯಿ’ ಅಂದರೆ ಕೆಂಪು ಕಪ್ಪು! ಚಾರ್ಟಿನಲ್ಲಿ ನಕ್ಷೆ, ನಕಾಶಿ ಎರಡನ್ನೂ ಹಾಕಿ, ಪಕ್ಕದಲ್ಲಿ ಒಂದೊಂದು ಚಿತ್ರ ಇರಲಿ. ನನ್ನ ಹಾಗೆ ಯಾರೂ ಬಣ್ಣ ಕಳೆದುಕೊಳ್ಳಬಾರದು.

ಈಗ ಕಾರ್ಟೂನ್. ಬ್ಲೌಸ್ ಮೇಲೆ ಡಿಸೈನ್ ಇಳಿಸುವವರನ್ನು ನೋಡಿದ್ದೀರಲ್ವಾ? ಟ್ರೇಸಿಂಗ್ ಹಾಳೆಗೆ ಸೂಜಿಯಿಂದ ಸಾಲಾಗಿ ತೂತು ಚುಚ್ಚಿ, ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಸವರುತ್ತಾರೆ. ಬಟ್ಟೆ ಮೇಲೆ ಚುಕ್ಕಿ ಸಾಲು ಬೀಳುತ್ತದೆ. ಉರ್ದುವಿನಲ್ಲಿ ಇಂಥ ಹೊರಗೆರೆಗೆ ‘ಖಾಕಾ’ ಅನ್ನುತ್ತಾರೆ. ಖಾಕ್ ಎಂದರೆ ಧೂಳು. ಮೊದಲು ಇದ್ದಿಲ ಪುಡಿಯನ್ನೇ ಉದುರಿಸುತ್ತಿದ್ದರು. ಇಟಲಿಯವರು ಗೋಡೆ ಚಿತ್ರಕ್ಕೆ ಮಾಡುತ್ತಿದ್ದದ್ದೂ ಇದನ್ನೇ. ದಪ್ಪ ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಬರೆದು, ತೂತು ಚುಚ್ಚಿ, ಇದ್ದಿಲ ಪುಡಿ ಬಡಿದು ಗೋಡೆಗೆ ಇಳಿಸುತ್ತಿದ್ದರು. ಆ ದಪ್ಪ ಕಾಗದ ‘ಕಾರ್ಟೋನೆ’. ಕಾರ್ಟನ್ ಡಬ್ಬಿಯ ತಮ್ಮ. ನಗು ಬಂದಿದ್ದು ಆಮೇಲೆ. 1843ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡಕ್ಕೆ ಗೋಡೆ ಚಿತ್ರ ಆರಿಸಲು ಇಂಥ ಕಾರ್ಟೂನುಗಳ ಪ್ರದರ್ಶನ ಇಟ್ಟಿದ್ದರು. ಪಂಚ್ ಎಂಬ ಹಾಸ್ಯ ಪತ್ರಿಕೆ ಅದನ್ನು ಅಣಕಿಸಿ ತನ್ನ ಚಿತ್ರಗಳಿಗೂ ಕಾರ್ಟೂನ್ ಅಂತ ಹೆಸರಿಟ್ಟಿತು. ಅಣಕವೇ ಅರ್ಥವಾಗಿ ಉಳಿಯಿತು.

ಪೆನ್ಸಿಲ್ಲಿಗೂ ಪೆನ್ನಿಗೂ ಹುಟ್ಟಿನ ಸಂಬಂಧ ಇಲ್ಲ. ಇದು ನನಗೂ ತಡವಾಗಿ ಗೊತ್ತಾಯಿತು. ಪೆನ್ ಲ್ಯಾಟಿನ್ನಿನ ಗರಿ. ಪೆನ್ಸಿಲ್ ಲ್ಯಾಟಿನ್ನಿನ ‘ಪುಟ್ಟ ಬಾಲ’, ಅಂದರೆ ಕೂದಲಿನ ಕುಂಚ. ಬಹಳ ಕಾಲ ಪೆನ್ಸಿಲ್ ಅಂದರೆ ಬ್ರಷ್ಷೇ. ಪೆನಿಸಿಲಿನ್ ಕೂಡ ಅದೇ ಬಾಲದಿಂದ, ಆ ಬೂಷ್ಟು ಕುಂಚದ ಹಾಗೆ ಕಾಣುತ್ತದೆ. ಹಿರಿಯರು ಪೆನ್ಸಿಲ್ಲಿಗೆ ಸೀಸದ ಕಡ್ಡಿ ಅನ್ನುತ್ತಾರೆ, ಆದರೆ ಒಳಗೆ ಸೀಸ ಇಲ್ಲ. ಇಂಗ್ಲೆಂಡಿನಲ್ಲಿ ಆ ಕಪ್ಪು ಖನಿಜ ಸಿಕ್ಕಾಗ ಸೀಸದ ಜಾತಿ ಅಂದುಕೊಂಡರು. 1789ರಲ್ಲಿ ಜರ್ಮನಿಯ ಖನಿಜ ವಿಜ್ಞಾನಿ ವೆರ್ನರ್ ಅದಕ್ಕೆ ಗ್ರಾಫೈಟ್ ಅಂತ ಹೆಸರಿಟ್ಟ, ಮೇಲೆ ಹೇಳಿದ ಅದೇ ಗ್ರಾಫೈನ್. 1795ರಲ್ಲಿ ಫ್ರಾನ್ಸಿನ ಕೊಂಟೆ ಗ್ರಾಫೈಟ್ ಪುಡಿಗೆ ಜೇಡಿ ಮಣ್ಣು ಬೆರೆಸಿ ಸುಟ್ಟ. ಮಣ್ಣು ಜಾಸ್ತಿಯಾದರೆ ಗಟ್ಟಿ, ಅದು ಎಚ್. ಕಡಿಮೆಯಾದರೆ ಮೆತ್ತಗೆ, ಕಪ್ಪು, ಅದು ಬಿ. ಮಕ್ಕಳಿಗೆ 2ಬಿ ಕೊಡಿ. ಎಚ್ ಕೊಟ್ಟರೆ ಒತ್ತಿ ಒತ್ತಿ ಹಾಳೆ ಹರಿಯುತ್ತಾರೆ.

ನಮ್ಮ ಬಳಪ ಮಾತ್ರ ಹೆಸರಿಗೆ ತಕ್ಕ ಹಾಗೆ ಬಳಪದ ಕಲ್ಲೇ. ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿದ್ದು ಇಂಥದ್ದೇ ಮೆತ್ತನೆ ಕಲ್ಲಿನಿಂದ. ಅದಕ್ಕೇ ಅಷ್ಟು ನುಣುಪಾದ ಕೆತ್ತನೆ ಸಾಧ್ಯವಾಯಿತು. ಹಿಂದೆ ಲೆಕ್ಕ ಬರೆಯುತ್ತಿದ್ದ ಕಡತಕ್ಕೂ ಬಳಪವೇ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಚುತ್ತಿದ್ದರು. ಇವತ್ತು ಕಡತ ಅಂದರೆ ಕಚೇರಿಯ ಫೈಲು.

‘ಚಿತ್ರ’ ಅಂದರೆ ಮೂಲದಲ್ಲಿ ಹೊಳೆಯುವುದು, ಬಣ್ಣ ಬಣ್ಣದ್ದು. ಚಿತ್ತಿ ಮಳೆಯ ಚಿತ್ತಾ ನಕ್ಷತ್ರ, ಮೈಮೇಲೆ ಚುಕ್ಕಿ ಇರುವ ಚೀತಾ ಎಲ್ಲ ಅಲ್ಲಿಂದಲೇ. ಹಳೆಯ ಶಿಲ್ಪಶಾಸ್ತ್ರಗಳಲ್ಲಿ ಸುತ್ತಲೂ ಕಡೆದ ಮೂರ್ತಿಯೇ ಚಿತ್ರ, ಗೋಡೆಗೆ ಅಂಟಿದ ಉಬ್ಬು ಕೆತ್ತನೆ ಅರ್ಧಚಿತ್ರ, ನಾವು ಬರೆಯುವ ಚಪ್ಪಟೆ ಚಿತ್ರ ಬರೀ ಚಿತ್ರಾಭಾಸ! ನಿಮ್ಮ ಕಿನ್ನಾಳದ ಚಿತ್ರಗಾರರು ಮರದ ದೇವರು, ಗೊಂಬೆ ಮಾಡುತ್ತಾರೆ, ಆದರೂ ಚಿತ್ರಗಾರರು ಯಾಕೆ ಅಂತ ಯಾರೋ ಕೇಳಿದ್ದರು. ಹಳೆಯ ಲೆಕ್ಕದಲ್ಲಿ ಅವರೇ ನಿಜವಾದ ಚಿತ್ರಗಾರರು.

ನಿಮ್ಮ ಚಾರ್ಟಿನ ಕರಡಿನಲ್ಲಿ ಮೂರು ಕಡೆ ಸರಿ ಮಾಡಿ. ಮಿನಿಯೇಚರ್, ಅಂದರೆ ಪುಟ್ಟ ಅಳತೆಯ ಚಿತ್ರಕ್ಕೆ, ‘ಸಣ್ಣದಾದ್ದರಿಂದ ಮಿನಿ’ ಅಂತ ಬರೆದಿದ್ದೀರಿ. ಅದು ‘ಮಿನಿಯಂ’, ಹಸ್ತಪ್ರತಿಗಳಿಗೆ ಬಳಸುತ್ತಿದ್ದ ಕೆಂಪು ಬಣ್ಣ. ಅದಕ್ಕೆ ಕಿರುಚಿತ್ರ ಅಂತಲೂ ಹಾಕಬೇಡಿ, ಮಕ್ಕಳು ಯೂಟ್ಯೂಬ್‌ನಲ್ಲಿ ಹುಡುಕಿದರೆ ಶಾರ್ಟ್ ಫಿಲ್ಮ್ ಬರುತ್ತವೆ. ಟ್ರೇಸಿಂಗ್‌ಗೆ ‘ನಕಲು’ ಬೇಡ, ನಕಲು ಅಂದರೆ ಪರೀಕ್ಷೆ ನೆನಪಾಗುತ್ತದೆ. ‘ತಿದ್ದು’ ಅಂತ ಹಾಕಿ. ಪಾಟಿ ಮೇಲೆ ಅಕ್ಷರ ತಿದ್ದಿಸುತ್ತಿದ್ದರಲ್ಲ, ಅದೇ. ಚಿತ್ರದ ಹಲಗೆ ನಿಲ್ಲಿಸುವ ಈಸೆಲ್ ಡಚ್ ಭಾಷೆಯ ಕತ್ತೆ, ಭಾರ ಹೊರುತ್ತದೆ ಅಂತ ಆ ಹೆಸರು. ನಮ್ಮ ಉರ್ದು ಪೇಂಟರ್‌ಗಳು ಕತ್ತರಿ ನಿಚ್ಚಣಿಕೆಗೆ ಘೋಡಿ ಅನ್ನುತ್ತಾರೆ. ಅಲ್ಲಿ ಕತ್ತೆ, ಇಲ್ಲಿ ಕುದುರೆ. ಈ ಸಾಲಿಗೆ ಮಕ್ಕಳು ನಕ್ಕೇ ನಗುತ್ತಾರೆ.

ಬರೆ, ಬಿಡಿಸು, ತೆಗೆ ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ ಬರೆಯಿರಿ. ಅಕ್ಷರ ಒಂದೂವರೆ ಇಂಚಿಗಿಂತ ಸಣ್ಣದಾದರೆ ಹಿಂದೆ ಕೂತವರಿಗೆ ಕಾಣಲ್ಲ. ಸಾಲಿನ ನಡುವೆ ಇನ್ನೂ ಅಷ್ಟೇ ಜಾಗ ಬಿಡಿ. ಚಿತ್ರ, ನಕ್ಷೆ, ಬಣ್ಣ, ತಿದ್ದು ಎಲ್ಲದಕ್ಕೂ ಒತ್ತಕ್ಷರ ಇದೆ, ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಮೊದಲು ದಾರ ಹೊಡೆದುಕೊಳ್ಳಿ.