ಸಿಎಸ್‌ಆರ್ ಕೆಲಸದಿಂದ ನಿಜಕ್ಕೂ ಏನು ಬದಲಾಯಿತು? ಅಳೆಯುವುದು ಹೇಗೆ?

ಪ್ರಶ್ನೆ: ನಾನು ಒಂದು ಕಂಪನಿಯ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ತಂಡದಲ್ಲಿದ್ದೇನೆ. ಓದು ಮುಗಿಸಿ ಕೆಲಸ ಹುಡುಕುತ್ತಿರುವ ಯುವಜನರಿಗೆ ತರಬೇತಿ ಕೊಡಿಸುತ್ತೇವೆ. ಎಷ್ಟು ಜನ ಕಲಿತರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಖರ್ಚಾಯಿತು ಎಂಬ ಲೆಕ್ಕವೆಲ್ಲ ಇದೆ. ಕಲಿತವರೂ ಖುಷಿಯಾಗಿದ್ದಾರೆ. ಆದರೂ ನಿರ್ದೇಶಕರ ಮಂಡಳಿ ‘ಇದರಿಂದ ಸಮಾಜಕ್ಕೆ ಏನಾಯಿತು, ತೋರಿಸಿ’ ಎನ್ನುತ್ತಿದೆ. ಇನ್ನೇನು ತೋರಿಸಬೇಕು?

ಉತ್ತರ: ಮಂಡಳಿ ಕೇಳಿರುವುದು ಸರಿಯಾಗಿಯೇ ಇದೆ. ನಿಮ್ಮ ಹತ್ತಿರ ಇರುವುದು ಮಾಡಿದ ಕೆಲಸದ ಲೆಕ್ಕ. ಅವರಿಗೆ ಬೇಕಿರುವುದು ಆದ ಬದಲಾವಣೆಯ ಲೆಕ್ಕ. ಅದಕ್ಕೆ ನೀವು ಉತ್ತರ ಹುಡುಕಬೇಕಾದ ಪ್ರಶ್ನೆ ಒಂದೇ: ಈ ತರಬೇತಿ ಇಲ್ಲದೇ ಇದ್ದಿದ್ದರೆ ಇವರಿಗೆ ಏನಾಗುತ್ತಿತ್ತು?

ನೀವು ಕಲಿಸಿದ 100 ಜನರಲ್ಲಿ 60 ಜನರಿಗೆ ಕೆಲಸ ಸಿಕ್ಕಿತು ಎಂದುಕೊಳ್ಳಿ. ಅಂಥದ್ದೇ ಹಿನ್ನೆಲೆಯ, ತರಬೇತಿ ಪಡೆಯದ 100 ಜನರಲ್ಲಿ ಅದೇ ಅವಧಿಯಲ್ಲಿ 45 ಜನರಿಗೆ ಕೆಲಸ ಸಿಕ್ಕಿದ್ದರೆ, ನಿಮ್ಮಿಂದ ಆದದ್ದು ಸುಮಾರು 15. ವರದಿಯಲ್ಲಿ 60ರ ಜಾಗದಲ್ಲಿ 15 ಬರೆಯುವುದು ಕಷ್ಟ, ನನಗೆ ಗೊತ್ತು. ಆದರೆ ಯಾರು ಎಷ್ಟು ಕೆದಕಿ ಕೇಳಿದರೂ ನಿಲ್ಲುವ ಸಂಖ್ಯೆ ಅದೊಂದೇ.

ಹೋಲಿಕೆಗೆ ಯಾರನ್ನು ತೆಗೆದುಕೊಳ್ಳುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸುಮ್ನೆ ಸಿಕ್ಕವರನ್ನು ಹಿಡಿದರೆ ಆಗುವುದಿಲ್ಲ. ಕೀನ್ಯಾದ ಹಳ್ಳಿ ಶಾಲೆಗಳ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಪಾಠಕ್ಕೆ ಫ್ಲಿಪ್ ಚಾರ್ಟ್ (ಹಾಳೆ ಮಗುಚುತ್ತಾ ತೋರಿಸುವ ದೊಡ್ಡ ಪಟ) ಇದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಹೋಲಿಸಿದಾಗ, ಚಾರ್ಟ್ ಇದ್ದಲ್ಲಿ ಮಕ್ಕಳ ಅಂಕ ಚೆನ್ನಾಗಿಯೇ ಹೆಚ್ಚಿದ್ದಂತೆ ಕಂಡಿತು. ಬಳಿಕ 178 ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನು ಆರಿಸಿ ಚಾರ್ಟ್ ಕೊಟ್ಟು ನೋಡಿದರು. ಅಂಕ ಹೆಚ್ಚಿದ ಸುಳಿವೇ ಸಿಗಲಿಲ್ಲ. ಮೊದಲೇ ಚಾರ್ಟ್ ಇದ್ದ ಶಾಲೆಗಳು ಬೇರೆ ಕಾರಣಗಳಿಂದಲೂ ಮುಂದಿದ್ದವು ಅನ್ನಿಸುತ್ತದೆ. ನಿಮ್ಮಲ್ಲೂ ಹಾಗೆಯೇ. ತರಬೇತಿಗೆ ತಾವಾಗಿ ಬರುವವರು ಮೊದಲೇ ಹುಮ್ಮಸ್ಸಿನವರು, ಅಲ್ವಾ? ಅವರನ್ನು ಬಾರದವರ ಜೊತೆ ಹೋಲಿಸಿದರೆ ನಿಮ್ಮ ಕೆಲಸ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅರ್ಜಿ ಹಾಕಿದವರು ಸೀಟಿಗಿಂತ ಜಾಸ್ತಿ ಇದ್ದರೆ ಚೀಟಿ ಎತ್ತಿ ಆರಿಸಿ. ಸೀಟು ಸಿಗದವರ ಜೊತೆಗೂ ಸಂಪರ್ಕ ಇಟ್ಟುಕೊಳ್ಳಿ. ಹೋಲಿಕೆಗೆ ಅವರಿಗಿಂತ ಒಳ್ಳೆಯ ಗುಂಪು ಸಿಗುವುದು ಕಷ್ಟ. ಬೇಕಾದವರಿಗೆ ಸೀಟು ಕೊಟ್ಟರು ಎಂಬ ಮಾತೂ ಬರುವುದಿಲ್ಲ.

ಇನ್ನು ‘ಖುಷಿಯಾಗಿದ್ದಾರೆ’ ಎಂಬ ಮಾತು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ವರದಿಗಳಲ್ಲಿ ನಾನು ಅತಿ ಹೆಚ್ಚು ನೋಡುವ ಪುರಾವೆ ಇದೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಕೇಂಬ್ರಿಜ್-ಸೋಮರ್‌ವಿಲ್ ಎಂಬ ಯುವಜನ ಯೋಜನೆ ಶುರುವಾಯಿತು. ದಾರಿ ತಪ್ಪಬಹುದಾದ ಹುಡುಗರನ್ನು ಸರಿಪಡಿಸುವುದು ಉದ್ದೇಶ. 506 ಹುಡುಗರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ಸಲಹೆಗಾರರ ಆಸರೆ, ಮನೆಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಸುಮಾರು 30 ವರ್ಷಗಳ ನಂತರ ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ಆ ಹುಡುಗರನ್ನೆಲ್ಲ ಹುಡುಕಿ ವಿಚಾರಿಸಿದರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ‘ನಮಗೆ ಒಳ್ಳೆಯದಾಯಿತು’ ಎಂದರು. ದಾಖಲೆ ಬೇರೆಯೇ ಹೇಳಿತು. ಮತ್ತೆ ಮತ್ತೆ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಬೇಗ ತೀರಿಕೊಂಡವರು ನೆರವು ಪಡೆದ ಗುಂಪಿನಲ್ಲೇ ಹೆಚ್ಚಿದ್ದರು.

ಆ ಗಂಡಸರು ಸುಳ್ಳು ಹೇಳಲಿಲ್ಲ. ನೆರವು ಸಿಗದಿದ್ದರೆ ತಮ್ಮ ಬದುಕು ಹೇಗಿರುತ್ತಿತ್ತು ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹಾಗಾಗಿ ಜನರ ಮಾತನ್ನು ಕೇಳಿ, ಖಂಡಿತ ಕೇಳಿ. ಎಲ್ಲಿ ತೊಂದರೆ, ಯಾರು ಯಾಕೆ ಅರ್ಧಕ್ಕೆ ಬಿಟ್ಟರು ಎನ್ನುವುದು ಅವರಿಂದಲೇ ಗೊತ್ತಾಗುವುದು. ಆದರೆ ಅದರ ಜೊತೆಗೆ, ಒಂದು ವರ್ಷದ ಬಳಿಕವೂ ಕೆಲಸದಲ್ಲಿದ್ದಾರಾ, ಕೈಗೆ ಬರುವ ಸಂಬಳ ಎಷ್ಟು ಎಂದು ಎರಡೂ ಗುಂಪಿನಲ್ಲಿ ಒಂದೇ ರೀತಿ ನೋಡಿ. ಎರಡು ಮೂರು ಸೂಚಕ ಸಾಕು. ಮೂವತ್ತು ಇಟ್ಟುಕೊಂಡರೆ ಒಂದಲ್ಲ ಒಂದು ತಾನಾಗಿಯೇ ಚೆನ್ನಾಗಿ ಕಾಣುತ್ತದೆ, ವರದಿಯಲ್ಲಿ ಅದೇ ಮುಂದೆ ಬರುತ್ತದೆ.

ಪ್ರಶ್ನೆ: ನಮ್ಮ ಕಾರ್ಯಕ್ರಮ ಆಗಲೇ ನಡೆಯುತ್ತಿದೆ. ಶುರುವಿಗೆ ಮೊದಲು ಬೇಸ್‌ಲೈನ್ ಸರ್ವೆ (ಆಗಿನ ಸ್ಥಿತಿ ಹೇಗಿದೆ ಎಂಬ ಸಮೀಕ್ಷೆ) ಮಾಡಲಿಲ್ಲ. ಈಗೇನು ಮಾಡುವುದು?

ಉತ್ತರ: ಇನ್ನೂ ತಲುಪದ ಜಾಗಗಳು ಇದ್ದರೆ ಅಲ್ಲಿ ಈಗಲೇ ಸರ್ವೆ ಮಾಡಿ. ನಂತರ ಹಂತ ಹಂತವಾಗಿ ಹೋಗಿ. ಮೊದಲು ಯಾವ ಜಾಗ ಎನ್ನುವುದನ್ನೂ ಚೀಟಿ ಎತ್ತಿಯೇ ತೀರ್ಮಾನಿಸಿ. ಆಗ ಸರದಿಗೆ ಕಾಯುತ್ತಿರುವವರೇ ಹೋಲಿಕೆಗೆ ಸಿಗುತ್ತಾರೆ. ಎಲ್ಲ ಕಡೆ ಆಗಲೇ ಹೋಗಿದ್ದರೆ ಹಳೆಯ ದಾಖಲೆ ಹುಡುಕಿ: ಶಾಲೆಯ ಹಾಜರಿ ಪುಸ್ತಕ, ಆರೋಗ್ಯ ಕೇಂದ್ರದ ರಿಜಿಸ್ಟರ್. ಐದು ವರ್ಷದ ಹಿಂದೆ ಸಂಪಾದನೆ ಎಷ್ಟಿತ್ತು ಎಂದು ಜನರನ್ನು ಕೇಳಿ ಬರೆದುಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೆನಪು ಈಗಿನ ಸ್ಥಿತಿಯ ಬಣ್ಣ ಹಚ್ಚಿಕೊಂಡೇ ಬರುತ್ತದೆ.

ಎಲ್ಲದಕ್ಕೂ ಇಷ್ಟೊಂದು ಅಳತೆ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಒಂದು ಶಾಲೆಗೆ ನೀರಿನ ಫಿಲ್ಟರ್ ಕೊಟ್ಟಿದ್ದರೆ, ಅದು ಓಡುತ್ತಿದೆಯಾ, ನೀರು ಶುದ್ಧವಾಗಿದೆಯಾ ಎಂದು ತಿಂಗಳಿಗೊಮ್ಮೆ ನೋಡಿ. ಪರಿಣಾಮದ ಅಧ್ಯಯನಕ್ಕೆ ಹಾಕುವ ಹಣವನ್ನು ಅದರ ರಿಪೇರಿಗೆ ಇಡಿ.

ಪ್ರಶ್ನೆ: ನಮ್ಮ ಉದ್ಯೋಗ ತರಬೇತಿಗೆ ಹಾಕಿದ ಹಣಕ್ಕೆ ಐದು ಪಟ್ಟು ಸಾಮಾಜಿಕ ಲಾಭ ಬಂದಿದೆ ಎಂದು ಸಲಹೆಗಾರರು ಲೆಕ್ಕ ಕೊಟ್ಟಿದ್ದಾರೆ. ಅದನ್ನು ವಾರ್ಷಿಕ ವರದಿಯಲ್ಲಿ ಹಾಕಬಹುದಾ?

ಉತ್ತರ: ಇದು ಎಸ್‌ಆರ್‌ಒಐ ಎಂಬ ವಿಧಾನ, ಅಂದರೆ ಹಾಕಿದ ಹಣಕ್ಕೆ ಬಂದ ಸಾಮಾಜಿಕ ಲಾಭವನ್ನು ಹಣದ ಲೆಕ್ಕದಲ್ಲಿ ಅಳೆಯುವುದು. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆರ್‌ಇಡಿಎಫ್ ಸಂಸ್ಥೆ ಬೆಳೆಸಿದ್ದು. ವಿಧಾನ ಕೆಟ್ಟದ್ದಲ್ಲ. ಆದರೆ ಆ ‘ಐದು’ ಹೇಗೆ ಬಂತು ಎಂದು ಮೊದಲು ಕೇಳಿ. ಹೇಗಿದ್ದರೂ ಆಗುತ್ತಿದ್ದುದನ್ನು ಕಳೆದಿದ್ದಾರಾ? ಬೇರೆ ಸಂಸ್ಥೆಗಳಿಂದ ಆದ ಪಾಲನ್ನು ಹೊರಗಿಟ್ಟಿದ್ದಾರಾ? ವರ್ಷ ಕಳೆದ ಹಾಗೆ ಲಾಭ ಕರಗುವುದನ್ನು ಲೆಕ್ಕಕ್ಕೆ ಹಿಡಿದಿದ್ದಾರಾ?

ಮುಖ್ಯವಾಗಿ, ನಿಮ್ಮವರಿಗೆ ಸಿಕ್ಕ ಕೆಲಸ ಇನ್ನೊಬ್ಬರ ಕೈ ತಪ್ಪಿದ್ದಾ ಎಂದು ಕೇಳಿ. ಫ್ರಾನ್ಸ್‌ನಲ್ಲಿ 235 ಪ್ರದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓದಿದ ನಿರುದ್ಯೋಗಿ ಯುವಜನರಿಗೆ ಕೆಲಸ ಹುಡುಕಲು ನೆರವಾದರು. ಅವರಿಗೆ ಆದ ಲಾಭದಲ್ಲಿ ಒಂದು ಪಾಲು, ನೆರವು ಸಿಗದ ಅಂಥದ್ದೇ ಯುವಜನರ ನಷ್ಟದಿಂದ ಬಂದದ್ದು ಎಂದು ಕಂಡಿತು.

ಇವಕ್ಕೆಲ್ಲ ಉತ್ತರ ಇದ್ದರೆ ವರದಿಯಲ್ಲಿ ಹಾಕಿ. ಆದರೆ ‘ಐದು’ ಎಂದಷ್ಟೇ ಬರೆಯಬೇಡಿ. ಏನೇನು ಊಹಿಸಿಕೊಂಡಿದ್ದೀರಿ, ಆ ಊಹೆ ಸ್ವಲ್ಪ ಬದಲಾದರೆ ಸಂಖ್ಯೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಸಲಹೆಗಾರರು ಆ ವಿವರ ಕೊಡಲು ಒಪ್ಪದಿದ್ದರೆ ಸಂಖ್ಯೆಯನ್ನೇ ಕೈಬಿಡಿ.